ಒಂದು ಫೈಲು ಇದೆ ಅಂತು, ಇನ್ನೊಂದು ಇಲ್ಲ ಅಂತು

ಕೆಲವು ವರ್ಷಗಳ ಹಿಂದೆ ಒಂದು ಆಸ್ಪತ್ರೆಯ ದಾಖಲೆಗಳನ್ನು ಒಂದುಗೂಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹೊರರೋಗಿಗಳಿಗೆ ಒಂದು ಸಾಫ್ಟ್‌ವೇರ್, ವಾರ್ಡಿಗೆ ಇನ್ನೊಂದು. ಒಬ್ಬ ರೋಗಿಯ ಹೆಸರಿನ ಮುಂದೆ ಒಂದರಲ್ಲಿ 'ಪೆನಿಸಿಲಿನ್ ಅಲರ್ಜಿ: ಇದೆ', ಮತ್ತೊಂದರಲ್ಲಿ 'ಇಲ್ಲ'. ನಾವು ಬರೆದ ಪ್ರೋಗ್ರಾಂ ತಾರೀಖು ನೋಡಿ, ಹೊಸದನ್ನು ಇಟ್ಟುಕೊಂಡು ಹಳೆಯದನ್ನು ಅಳಿಸಿತು. ಉಳಿದದ್ದು 'ಇಲ್ಲ'.

ಪುಣ್ಯಕ್ಕೆ ಅದಿನ್ನೂ ಪರೀಕ್ಷೆಯ ಹಂತ. ಹಿರಿಯ ನರ್ಸ್ ಒಬ್ಬರು ಪರದೆ ನೋಡಿ, "ಏನ್ ಸರ್ ಇದು? ಇವರಿಗೆ ಮೈಯೆಲ್ಲ ದದ್ದು ಎದ್ದಾಗ ನಾನೇ ಡ್ಯೂಟಿಲಿದ್ದೆ" ಅಂದರು. ಹುಡುಕಿದರೆ, ವಾರ್ಡಿನ ಫಾರಂನಲ್ಲಿ ಆ ಜಾಗ ಖಾಲಿ ಬಿಟ್ಟರೆ ಸಾಫ್ಟ್‌ವೇರೇ 'ಇಲ್ಲ' ಅಂತ ತುಂಬಿಕೊಳ್ಳುತ್ತಿತ್ತು! ಅಂದರೆ ತಪ್ಪು ಎರಡು. ಯಾರೂ ಏನೂ ಹೇಳದೆ ಇದ್ದದ್ದು 'ಇಲ್ಲ' ಆಯಿತು. ಆಮೇಲೆ ಎರಡು ಮಾತು ಬಂದಿದ್ದೂ 'ಇಲ್ಲ' ಆಯಿತು. ಎರಡನೆಯದನ್ನು ಮಾಡಿದ್ದು ನಾವೇ.

ಹಾಗಾದರೆ ಎರಡನ್ನೂ ನಿಜ ಅಂತ ಇಟ್ಟುಕೊಂಡರೆ? ಶಾಲೆಯಲ್ಲಿ ಕಲಿತ ತರ್ಕ ಅದಕ್ಕೆ ಬಿಡುವುದಿಲ್ಲ. ನೋಡಿ: 'ಅಲರ್ಜಿ ಇದೆ' ನಿಜ. ಆದ್ದರಿಂದ 'ಅಲರ್ಜಿ ಇದೆ, ಇಲ್ಲವೇ ರೋಗಿ ಬಿಲ್ ಕಟ್ಟಿದ್ದಾನೆ' ಎಂಬುದೂ ನಿಜ. ಎರಡರಲ್ಲಿ ಒಂದು ನಿಜವಾದರೆ ಸಾಕಲ್ವಾ. ಆದರೆ ಇನ್ನೊಂದು ಫೈಲು 'ಅಲರ್ಜಿ ಇಲ್ಲ' ಅನ್ನುತ್ತದೆ. ಹಾಗಾದರೆ ಉಳಿದದ್ದೇ ನಿಜ: ಬಿಲ್ ಕಟ್ಟಿದ್ದಾನೆ! ಬಿಲ್ ಜಾಗದಲ್ಲಿ ಏನನ್ನು ಬೇಕಾದರೂ ಹಾಕಿ, ಅದೂ ಸಾಬೀತಾಗುತ್ತದೆ. ಒಂದೇ ಒಂದು ವಿರೋಧ ಒಳಗೆ ಬಂದರೆ ಇಡೀ ದಾಖಲೆ ಕೆಲಸಕ್ಕೆ ಬಾರದು.

ಅಮೆರಿಕದ ತರ್ಕಶಾಸ್ತ್ರಜ್ಞ ನ್ಯೂಯೆಲ್ ಬೆಲ್‌ನ್ಯಾಪ್ 1977ರಲ್ಲಿ ಇದಕ್ಕೊಂದು ದಾರಿ ತೋರಿಸಿದರು. ಅದರ ಬೇರು ಮೈಕಲ್ ಡನ್ ಅವರ ಕೆಲಸದಲ್ಲಿದೆ. ಕಂಪ್ಯೂಟರಿಗೆ ಸತ್ಯ ಗೊತ್ತಿರುವುದಿಲ್ಲ, ಜನ ಹೇಳಿದ್ದಷ್ಟೇ ಗೊತ್ತು. ಹಾಗಾಗಿ ಪ್ರತಿ ಮಾತಿಗೂ ಎರಡು ಪ್ರಶ್ನೆ ಕೇಳಬೇಕು. ಹೌದು ಅಂತ ಯಾರಾದರೂ ಹೇಳಿದ್ದಾರಾ? ಅಲ್ಲ ಅಂತ ಯಾರಾದರೂ ಹೇಳಿದ್ದಾರಾ? ಇದರಿಂದ ನಾಲ್ಕು ಉತ್ತರ, ತರ್ಕದ ಮಾತಲ್ಲಿ ನಾಲ್ಕು 'ಬೆಲೆ', ಸಿಗುತ್ತವೆ: ಹೌದು, ಅಲ್ಲ, ಎರಡೂ, ಯಾವುದೂ ಇಲ್ಲ. ಡೇಟಾಬೇಸಿನಲ್ಲಿ ಇದು ಬರೀ ಎರಡು ಬಿಟ್, ಅಂದರೆ 0 ಅಥವಾ 1 ಹಿಡಿಯುವ ಎರಡು ಜಾಗ. ಒಂದು ಕಾಲಂ ಇದ್ದ ಕಡೆ ಎರಡು ಮಾಡಿದರಾಯಿತು.

ಡೇಟಾಬೇಸಿಗೆ ಪ್ರಶ್ನೆ ಕೇಳುವ ಭಾಷೆ ಎಸ್‌ಕ್ಯೂಎಲ್‌ನಲ್ಲಿ, ಬೆಲೆ ತುಂಬಿಲ್ಲ ಅಂತ ತೋರಿಸುವ 'ನಲ್' ಇದೆಯಲ್ಲ ಅಂತ ನನ್ನ ಜೊತೆಯವರು ಕೇಳುತ್ತಾರೆ. ಅದು ಮೂರನೆಯ ಬೆಲೆ, ಸರಿ. ಆದರೆ 'ಎರಡೂ' ಅನ್ನುವುದಕ್ಕೆ ಅಲ್ಲಿ ಜಾಗವಿಲ್ಲ. ಅದರ ಚೇಷ್ಟೆಯೂ ಜಾಸ್ತಿ. ಅಲರ್ಜಿ ಕಾಲಂ 'ಇದೆ'ಗೆ ಸಮ ಇರುವವರ ಪಟ್ಟಿ ಕೇಳಿ, ಸಮ ಅಲ್ಲದವರ ಪಟ್ಟಿಯನ್ನೂ ಕೇಳಿ. ನಲ್ ಇರುವ ರೋಗಿ ಎರಡರಲ್ಲೂ ಬರುವುದಿಲ್ಲ.

ಚಿಪ್ ವಿನ್ಯಾಸ ಮಾಡುವವರಿಗೆ ಇದೆಲ್ಲ ಹಳೆಯ ಕಥೆ. ಬೆಂಗಳೂರಲ್ಲಿ ಅಂಥವರು ಬೇಕಾದಷ್ಟು ಜನ ಸಿಗುತ್ತಾರೆ, ಕೇಳಿ ನೋಡಿ. ಒಂದೇ ತಂತಿಗೆ ಒಂದು ಕಡೆಯಿಂದ 0, ಇನ್ನೊಂದು ಕಡೆಯಿಂದ ಅಷ್ಟೇ ಬಲವಾಗಿ 1 ಬಂದರೆ ಚಿಪ್ ವಿನ್ಯಾಸ ಬರೆಯುವ ಭಾಷೆ ವೆರಿಲಾಗ್ 'ಎಕ್ಸ್' ತೋರಿಸುತ್ತದೆ. ಇನ್ನೂ ಬೆಲೆಯನ್ನೇ ಕೊಡದ ರಿಜಿಸ್ಟರಿಗೂ (ಚಿಪ್ಪಿನೊಳಗೆ ಬೆಲೆ ಹಿಡಿದಿಡುವ ಜಾಗ) ಅದೇ 'ಎಕ್ಸ್'. ಅಂಥದ್ದೇ ಇನ್ನೊಂದು ಭಾಷೆ ವಿಎಚ್‌ಡಿಎಲ್ ಬಳಸುವ ಐಇಇಇ 1164 ಮಾನದಂಡದಲ್ಲಿ ಬೆಲೆಗಳು 9. ಅಲ್ಲಿ ಬೆಲೆ ಕೊಡದ್ದಕ್ಕೆ 'ಯು', ಜಗಳಕ್ಕೆ 'ಎಕ್ಸ್', ಬೇರೆ ಬೇರೆ. ನನಗೆ ಹಿಡಿಸುವುದು ಈ ಎರಡನೆಯದೇ. ಗೊತ್ತಿಲ್ಲದಿದ್ದರೆ ಹೋಗಿ ಕೇಳಬೇಕು. ಜಗಳವಿದ್ದರೆ ಯಾರು, ಯಾಕೆ ಹಾಗಂದರು ಅಂತ ಹುಡುಕಬೇಕು. ಎರಡೂ ಬೇರೆ ಕೆಲಸ.

ಇದು ನಮ್ಮ ಜೈನರ ಸ್ಯಾದ್ವಾದವೇ ಅಲ್ವಾ ಅನ್ನುವವರೂ ಇದ್ದಾರೆ. ಪೂರ್ತಿ ಅಲ್ಲ. ಅಲ್ಲಿ ಪ್ರತಿ ಮಾತಿಗೂ 'ಸ್ಯಾತ್', ಅಂದರೆ ಒಂದು ದೃಷ್ಟಿಯಿಂದ, ಎಂಬ ಷರತ್ತಿದೆ. ದೃಷ್ಟಿ ಬೇರೆಯಾದರೆ ವಿರೋಧ ಉಳಿಯುವುದಿಲ್ಲ. ನಮ್ಮ ರೋಗಿಯ ದದ್ದು ದೃಷ್ಟಿ ಬದಲಿಸಿದರೆ ಹೋಗುವಂಥದ್ದಲ್ಲ.

ನಾಲ್ಕು ಬೆಲೆಯ ತರ್ಕ ಪುಕ್ಕಟೆ ಸಿಗುವುದಿಲ್ಲ. ಕೀಲಿ ಮೇಜಿನ ಮೇಲಿದೆ, ಇಲ್ಲವೇ ಚೀಲದಲ್ಲಿದೆ, ಮೇಜಿನ ಮೇಲಿಲ್ಲ, ಹಾಗಾದರೆ ಚೀಲದಲ್ಲೇ ಇದೆ. ನಾವು ದಿನಾ ಮಾಡುವ ಈ ಊಹೆಯನ್ನು ಇಲ್ಲಿ ಕಣ್ಣುಮುಚ್ಚಿ ಮಾಡುವ ಹಾಗಿಲ್ಲ. ಆಗ ರೋಗಿ ಬಿಲ್ ಕಟ್ಟಿದ್ದಾನೆ ಅಂತ ಸಾಬೀತು ಮಾಡಿಸಿದ್ದು ಅದೇ ಹೆಜ್ಜೆ ತಾನೆ.

ಇನ್ನೂ ಒಂದು ವಿಚಿತ್ರ ಇದೆ. ಅಲರ್ಜಿಯ ಬಗ್ಗೆ 'ಎರಡೂ', ಸಕ್ಕರೆ ಕಾಯಿಲೆಯ ಬಗ್ಗೆ ಯಾರೂ ಏನೂ ಹೇಳಿಲ್ಲ ಅನ್ನಿ. 'ಅಲರ್ಜಿಯೂ ಇದೆ, ಸಕ್ಕರೆ ಕಾಯಿಲೆಯೂ ಇದೆ' ಎಂಬ ಜೋಡಿ ಮಾತಿನ ಬೆಲೆ ಏನು? ಹೌದು ಅನ್ನಬೇಕಾದರೆ ಎರಡಕ್ಕೂ ಯಾರಾದರೂ ಹೌದು ಅಂದಿರಬೇಕು, ಅಂದಿಲ್ಲ. ಅಲ್ಲ ಅನ್ನುವುದಕ್ಕೆ ಒಂದಕ್ಕೆ ಅಲ್ಲ ಅಂದಿದ್ದರೂ ಸಾಕು, ಅಲರ್ಜಿಗೆ ಅಂದಿದ್ದಾರೆ. ಉತ್ತರ ಶುದ್ಧ 'ಅಲ್ಲ'. ಎರಡು ಅನುಮಾನ ಸೇರಿ ಒಂದು ಖಚಿತ ಉತ್ತರ! ಲೆಕ್ಕ ಸರಿಯೇ ಇದೆ. ಆದರೆ ಇದನ್ನು ಮೊದಲ ಸಲ ಕಾಗದದ ಮೇಲೆ ನೋಡಿದಾಗ ನನಗೆ ನಿಜಕ್ಕೂ ಭಯವಾಯಿತು. ಅದಕ್ಕೇ ಜೋಡಿ ಪ್ರಶ್ನೆಯ ಉತ್ತರ ತೋರಿಸುವಾಗ ಅದರ ಒಂದೊಂದು ಭಾಗದ ಬೆಲೆಯನ್ನೂ ಪಕ್ಕದಲ್ಲೇ ತೋರಿಸುವ ಹಾಗೆ ಮಾಡಿದೆವು.

'ಎರಡೂ' ಅಂತ ಬಂದಾಗ ಏನು ಮಾಡಬೇಕು ಅನ್ನುವುದನ್ನು ತರ್ಕ ಹೇಳುವುದಿಲ್ಲ. ಅದನ್ನು ಡಾಕ್ಟರುಗಳ ಜೊತೆ ಕೂತು ಬರೆದೆವು. ಅಲರ್ಜಿ ವಿಷಯದಲ್ಲಿ, ವಿಚಾರಿಸಿ ಮುಗಿಯುವ ತನಕ 'ಎರಡೂ' ಅಂದರೆ 'ಇದೆ' ಅಂತಲೇ. ಮನೆ ವಿಳಾಸಕ್ಕಾದರೆ ಹೊಸದೇ ಸಾಕು, ಅಲ್ಲಿ ಸುಮ್ನೆ ತಲೆ ಕೆಡಿಸಿಕೊಳ್ಳಲಿಲ್ಲ. ಪ್ರತಿ ಮಾತಿನ ಜೊತೆ ಯಾರು, ಯಾವ ದಿನ ಹೇಳಿದ್ದು ಅನ್ನುವುದನ್ನೂ ಇಟ್ಟೆವು. ಸಾಫ್ಟ್‌ವೇರ್ ತಾನಾಗಿ ತುಂಬಿದ 'ಇಲ್ಲ'ಗಳನ್ನೆಲ್ಲ ವಾಪಸ್ ತೆಗೆದೆವು. ಮನುಷ್ಯರು ಬರೆದ 'ಇಲ್ಲ'ಗಳನ್ನು ಮುಟ್ಟದೆ, ಪಟ್ಟಿ ಮಾಡಿ ಆ ನರ್ಸಮ್ಮನ ಕೈಗೆ ಕೊಟ್ಟೆವು.