ಸೆಬಿ ಆದೇಶಕ್ಕೆ ಕಲಬುರಗಿ ಕೋರ್ಟಿನಲ್ಲೇ ಸ್ಟೇ ಸಿಗುತ್ತಾ?

ಪ್ರಶ್ನೆ: ಕಲಬುರಗಿ ಗಂಜಿನಲ್ಲಿ ನನ್ನದೊಂದು ದಲಾಲಿ ಅಂಗಡಿ ಇದೆ. ಒಂದು ಸಣ್ಣ ಕಂಪನಿಯ ಷೇರು ವಿಚಾರದಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಮಧ್ಯಂತರ ಆದೇಶ ಮಾಡಿ, ನನ್ನ ಡಿಮ್ಯಾಟ್ (ಷೇರು ಇಡುವ ಖಾತೆ) ಮತ್ತು ಬ್ಯಾಂಕ್ ಖಾತೆ ಎರಡನ್ನೂ ತಡೆಹಿಡಿದಿದೆ. ಇಲ್ಲಿನ ಕೋರ್ಟಿನಲ್ಲೇ ಸ್ಟೇ ತರಬಹುದಾ?

ಉತ್ತರ: ತೊಗರಿ ತಂದ ರೈತರಿಗೆ ಹಣ ಕೊಡಬೇಕಾದ ಹೊತ್ತಿನಲ್ಲಿ ಖಾತೆ ಬಂದ್ ಆದರೆ ಎಂಥ ಸಂಕಟ ಅಂತ ಅರ್ಥವಾಗುತ್ತದೆ. ಆದರೆ ಜಿಲ್ಲಾ ಕೋರ್ಟಿಗೆ ಹೋಗಬೇಡಿ. 1992ರ ಸೆಬಿ ಕಾಯ್ದೆಯ 15ವೈ ಮತ್ತು 20ಎ ಸೆಕ್ಷನ್‌ಗಳ ಪ್ರಕಾರ ಸಿವಿಲ್ ಕೋರ್ಟು ಇದರಲ್ಲಿ ಕೈಹಾಕುವಂತಿಲ್ಲ. ಅಲ್ಲಿ ದಾವೆ ಹಾಕಿದರೆ ಫೀಸು ಹೋಗುತ್ತದೆ, ಅದಕ್ಕಿಂತ ಜಾಸ್ತಿ ದಿನಗಳು ಹೋಗುತ್ತವೆ.

ಮೊದಲು ಆದೇಶದ ಕೊನೆಯ ಪುಟಗಳನ್ನು ನಿಧಾನವಾಗಿ ಓದಿ. ಯಾವ ಖಾತೆ, ಎಷ್ಟು ಮೊತ್ತ, ಉತ್ತರ ಕೊಡಲು ಎಷ್ಟು ದಿನ ಅನ್ನುವುದೆಲ್ಲ ಅಲ್ಲೇ ಇರುತ್ತದೆ. ಸಾಮಾನ್ಯವಾಗಿ 21 ದಿನ ಕೊಡುತ್ತಾರೆ. ಮಧ್ಯಂತರ ಆದೇಶ ಅಂದರೆ ಕೊನೆಯ ಮಾತಲ್ಲ. ನಿಮ್ಮ ಉತ್ತರ ನೋಡಿ, ನಿಮ್ಮ ಮಾತು ಕೇಳಿ, ಸೆಬಿಯೇ ಅದನ್ನು ಸಡಿಲಿಸಬಹುದು, ತೆಗೆದುಹಾಕಲೂಬಹುದು. ಅಕ್ರಮ ಲಾಭ ಎಂದು ಲೆಕ್ಕ ಹಾಕಿದಷ್ಟು ಹಣವನ್ನು ಎಸ್ಕ್ರೊ ಖಾತೆಯಲ್ಲಿ, ಅಂದರೆ ತೀರ್ಮಾನ ಆಗುವವರೆಗೆ ಹಣ ಮುಟ್ಟದಂತೆ ಇಡುವ ಖಾತೆಯಲ್ಲಿ, ಇಟ್ಟರೆ ಬ್ಯಾಂಕ್ ಖಾತೆ ಬಿಡುತ್ತೇವೆ ಎಂದು ಎಷ್ಟೋ ಆದೇಶಗಳಲ್ಲಿ ಬರೆದಿರುತ್ತದೆ. ಅಂಗಡಿ ನಡೆಯಬೇಕಿದ್ದರೆ ಈ ಸಾಲನ್ನು ಮೊದಲು ಹುಡುಕಿ.

ಅಲ್ಲಿ ಕೆಲಸ ಆಗದಿದ್ದರೆ ಮುಂಬೈನ ಸ್ಯಾಟ್, ಅಂದರೆ ಷೇರುಪೇಟೆ ಮೇಲ್ಮನವಿ ನ್ಯಾಯಮಂಡಳಿ. ಆದೇಶದ ಪ್ರತಿ ನಿಮ್ಮ ಕೈ ಸೇರಿದ ದಿನದಿಂದ 45 ದಿನದೊಳಗೆ ಮೇಲ್ಮನವಿ ಹಾಕಬೇಕು. ತಡವಾದರೆ ಗಟ್ಟಿ ಕಾರಣ ತೋರಿಸಬೇಕಾಗುತ್ತದೆ. ಸ್ಯಾಟ್ ಆದೇಶವನ್ನು ಎತ್ತಿಹಿಡಿಯಬಹುದು, ಬದಲಿಸಬಹುದು, ರದ್ದು ಮಾಡಬಹುದು. ಎದುರಿನವರ ಮಾತು ಕೇಳದೆ ಇಂಥ ಆದೇಶ ಮಾಡುವುದು ನಿಜವಾದ ತುರ್ತು ಇದ್ದಾಗ ಮಾತ್ರ ಎಂದು ಅದು 2019ರಲ್ಲಿ ಹೇಳಿದೆ. ನಿಮ್ಮ ಷೇರು ವ್ಯವಹಾರ ನಡೆದು ಬಹಳ ದಿನ ಆಗಿದ್ದರೆ ಈ ಮಾತನ್ನು ವಕೀಲರ ಗಮನಕ್ಕೆ ತನ್ನಿ. ಒಂದು ಎಚ್ಚರ: ಮೇಲ್ಮನವಿ ಹಾಕಿದ ಮಾತ್ರಕ್ಕೆ ಆದೇಶ ನಿಲ್ಲುವುದಿಲ್ಲ. ತಡೆಯಾಜ್ಞೆಯನ್ನು ಬೇರೆಯಾಗಿ ಕೇಳಬೇಕು.

ನಮ್ಮೂರಿನಲ್ಲೇ ಹೈಕೋರ್ಟ್ ಪೀಠ ಇದೆಯಲ್ವಾ ಅನ್ನಬಹುದು. ಹೌದು, 2013ರಿಂದ ಕಾಯಂ ಪೀಠವೇ ಇದೆ, ಸಂವಿಧಾನದ 226ನೇ ವಿಧಿಯ ರಿಟ್ ಅಧಿಕಾರವೂ (ಸರ್ಕಾರಿ ಸಂಸ್ಥೆಗಳಿಗೆ ನೇರವಾಗಿ ಆಜ್ಞೆ ಮಾಡುವ ಅಧಿಕಾರ) ಇದೆ. ಆದರೆ ಸ್ಯಾಟ್ ದಾರಿ ತೆರೆದಿರುವಾಗ ಮೊದಲು ಅಲ್ಲಿಗೆ ಹೋಗಿ ಎಂದು ಹೈಕೋರ್ಟುಗಳು ಕಳಿಸುವುದೇ ಹೆಚ್ಚು. ಸ್ಯಾಟ್ ನಂತರ ಉಳಿಯುವುದು ಸುಪ್ರೀಂ ಕೋರ್ಟ್. 60 ದಿನದೊಳಗೆ ಹೋಗಬೇಕು, ಅದೂ ಕಾನೂನಿನ ಪ್ರಶ್ನೆ ಇದ್ದರೆ ಮಾತ್ರ.

ಆದೇಶ ಬಂದ ಲಕೋಟೆಯನ್ನು ಎಸೆಯಬೇಡಿ. ಇಮೇಲ್‌ನಲ್ಲಿ ಬಂದಿದ್ದರೆ ಅಳಿಸಬೇಡಿ. 45 ದಿನದ ಲೆಕ್ಕ ಶುರುವಾಗುವುದು ಆ ತಾರೀಖಿನಿಂದ.