ವಾಚ್ ಕೈ ತಟ್ಟುತ್ತದಲ್ಲ, ಅದು ಹೇಗೆ?

ಪ್ರಶ್ನೆ: ಮಗ ಕೊಡಿಸಿದ ಸ್ಮಾರ್ಟ್‌ವಾಚ್ ಕಟ್ಟಿಕೊಳ್ಳುತ್ತಿದ್ದೇನೆ. ಮೆಸೇಜ್ ಬಂದಾಗ ಫೋನಿನ ಹಾಗೆ ಗುರ್ ಅನ್ನುವುದಿಲ್ಲ, ಯಾರೋ ಬೆರಳಲ್ಲಿ ಮೆಲ್ಲಗೆ ತಟ್ಟಿದ ಹಾಗಾಗುತ್ತದೆ. ಬಿಚ್ಚಿ ಮೇಜಿನ ಮೇಲಿಟ್ಟರೆ ಸುಮ್ಮನಾಗುತ್ತದೆ. ಕೈಮೇಲಿದ್ದೇನೆ ಅಂತ ಅದಕ್ಕೆ ಹೇಗೆ ಗೊತ್ತಾಗುತ್ತದೆ? ಕೆಲವು ಸಲ ತಟ್ಟಿದ್ದೇ ನನಗೆ ತಿಳಿಯುವುದಿಲ್ಲ. ವಾಚ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿರಲಿಕ್ಕಿಲ್ಲ. ಪಟ್ಟಿ ಸಡಿಲ ಇರಬಹುದು. ಅದಕ್ಕೆ ಆಮೇಲೆ ಬರುತ್ತೇನೆ, ಮೊದಲು ತಟ್ಟುವ ವಿಷಯ.

ವಾಷಿಂಗ್ ಮಷೀನಿನಲ್ಲಿ ಬಟ್ಟೆಯೆಲ್ಲ ಒಂದೇ ಕಡೆ ಸೇರಿಕೊಂಡಾಗ ಅದು ಡಗಡಗ ಅಂತ ಅಲ್ಲಾಡುತ್ತದಲ್ಲ, ಹಳೆಯ ಫೋನುಗಳ ವೈಬ್ರೇಷನ್ ಅದೇ ಥರದ್ದು. ಒಂದು ಪುಟಾಣಿ ಮೋಟಾರು, ಅದರ ಕಡ್ಡಿಯ ತುದಿಗೆ ಒಂದೇ ಪಕ್ಕಕ್ಕೆ ವಾಲಿದ ತೂಕ. ತಿರುಗಿದರೆ ಇಡೀ ಫೋನ್ ನಡುಗುತ್ತದೆ. ಆದರೆ ಅದು ವೇಗ ಹಿಡಿಯಲು ಸ್ವಲ್ಪ ಹೊತ್ತು ಬೇಕು, ನಿಲ್ಲಲೂ ಹೊತ್ತು ಬೇಕು. ಹಾಗಾಗಿ 'ಗುರ್ರ್' ಅನ್ನಬಲ್ಲದೇ ಹೊರತು 'ಟಕ್' ಅನ್ನಲಾರದು.

ನಿಮ್ಮ ವಾಚಿನಲ್ಲಿರುವುದು ಬೇರೆ ಜಾತಿಯದು ಅನ್ನಿಸುತ್ತದೆ. ಅದರಲ್ಲಿ ಏನೂ ಗರಗರ ತಿರುಗುವುದಿಲ್ಲ. ಸ್ಪ್ರಿಂಗಿಗೆ ಸಿಕ್ಕಿಸಿದ ತೂಕ, ಒಂದು ಅಯಸ್ಕಾಂತ, ಒಂದು ತಂತಿಯ ಸುರುಳಿ, ಅಷ್ಟೇ. ಸುರುಳಿಗೆ ಕರೆಂಟ್ ಹರಿಸಿದರೆ ತೂಕ ಹಿಂದಕ್ಕೂ ಮುಂದಕ್ಕೂ ಜೀಕುತ್ತದೆ. ಉಯ್ಯಾಲೆಯನ್ನು ಸರಿಯಾದ ಗಳಿಗೆಯಲ್ಲಿ ತಳ್ಳಿದರೆ ಸ್ವಲ್ಪ ಬಲಕ್ಕೇ ಎತ್ತರ ಹೋಗುತ್ತದೆ ಅಲ್ವಾ? ಇಲ್ಲೂ ಹಾಗೆಯೇ, ಸ್ಪ್ರಿಂಗಿನ ಲಯಕ್ಕೆ ಸರಿಯಾಗಿ ತಳ್ಳುತ್ತಾರೆ. ಈ ಜಾತಿಯ ಮೋಟಾರುಗಳು ಸಾಮಾನ್ಯವಾಗಿ ಸೆಕೆಂಡಿಗೆ 150ರಿಂದ 250 ಸಲ ಜೀಕುತ್ತವೆ. ನಿಲ್ಲಿಸಬೇಕಾದಾಗ ಕರೆಂಟನ್ನು ತಿರುಗಾಮುರುಗಾ ಹರಿಸಿದರೆ ಬ್ರೇಕ್ ಹಾಕಿದಂತೆ ನಿಲ್ಲುತ್ತದೆ. ಎರಡು ಮೂರು ಜೀಕಿಗೇ ಮುಗಿದರೆ ಅದು ನಮಗೆ ನಡುಕ ಅನ್ನಿಸುವುದಿಲ್ಲ, ಬೆರಳಲ್ಲಿ ತಟ್ಟಿದ ಹಾಗೆ ಅನ್ನಿಸುತ್ತದೆ. 2015ರಲ್ಲಿ ಆ್ಯಪಲ್ ವಾಚ್ ಬಂದಾಗ ಇದಕ್ಕೆ ಟ್ಯಾಪ್ಟಿಕ್ ಎಂಜಿನ್ ಅಂತ ಹೆಸರಿಟ್ಟರು.

ಇಲ್ಲಿ ಅರ್ಧ ಕೆಲಸ ಮಾತ್ರ ವಾಚಿನದು. ಉಳಿದರ್ಧ ನಮ್ಮ ಚರ್ಮದ್ದು, ನನಗೆ ಅದೇ ಹೆಚ್ಚು ಬೆರಗಿನ ವಿಷಯ. ಚರ್ಮದ ಆಳದಲ್ಲಿ ಸುಮಾರು ಒಂದು ಮಿಲಿಮೀಟರ್ ಉದ್ದದ ಗಡ್ಡೆಗಳಿವೆ. ಸೀಳಿ ನೋಡಿದರೆ ಥೇಟ್ ಈರುಳ್ಳಿ, ಪದರದ ಮೇಲೆ ಪದರ, ನಡುವೆ ನರದ ತುದಿ. ಇಟಲಿಯ ಫಿಲಿಪ್ಪೊ ಪಚೀನಿ 19ನೇ ಶತಮಾನದಲ್ಲಿ ಇವನ್ನು ವಿವರಿಸಿದ, ಹೆಸರೂ ಅವನದೇ ಉಳಿಯಿತು. ನಿಧಾನವಾಗಿ ಒತ್ತಿದರೆ ಪದರಗಳು ಆ ಒತ್ತಡವನ್ನು ನುಂಗಿಬಿಡುತ್ತವೆ. ಚುರುಕಾದ ಕಂಪನವನ್ನು ಮಾತ್ರ ಒಳಗೆ ಬಿಡುತ್ತವೆ. ಸೆಕೆಂಡಿಗೆ ಸುಮಾರು 250 ಸಲದ ಕಂಪನಕ್ಕೆ ಇವು ತುಂಬಾ ಸೂಕ್ಷ್ಮ. ಬೆರಳ ತುದಿಯಲ್ಲಾದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ ಅಲ್ಲಾಡಿದರೂ ಗೊತ್ತಾಗುತ್ತದೆ. ಮಣಿಕಟ್ಟು ಅಷ್ಟು ಚುರುಕಲ್ಲ, ಆದರೆ ತಟ್ಟಿದ್ದು ತಿಳಿಯಲು ಸಾಕು. ಮೋಟಾರಿನ ಜೀಕಿಗೂ ಈ ಗಡ್ಡೆಗಳಿಗೂ ಲೆಕ್ಕ ಹೇಗೆ ಹೊಂದಿದೆ ನೋಡಿ.

ಇನ್ನು ಕೈಮೇಲಿದ್ದೇನೆ ಅಂತ ತಿಳಿಯುವುದು. ಕತ್ತಲಲ್ಲಿ ವಾಚನ್ನು ಬಿಚ್ಚಿ ತಿರುಗಿಸಿ ನೋಡಿ, ಹಿಂದೆ ಹಸಿರು ಬೆಳಕು ಮಿಣುಕುವುದು ಕಾಣಬಹುದು. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೂ ಮಣಿಕಟ್ಟಿನಲ್ಲಿ ರಕ್ತ ಏರಿಳಿಯುವುದರಿಂದ ವಾಪಸ್ ಬರುವ ಬೆಳಕೂ ಏರಿಳಿಯುತ್ತದೆ. ನಾಡಿ ಎಣಿಸುವುದು ಹೀಗೆ. ಕೈಯಿಂದ ಬಿಚ್ಚಿದ್ದೂ ಇಂಥ ಬೆಳಕಿನಿಂದಲೇ ತಿಳಿಯುತ್ತದೆ. ಆಗ ವಾಚ್ ಬೀಗ ಹಾಕಿಕೊಂಡು, ಮೆಸೇಜನ್ನು ಫೋನಿಗೆ ಬಿಡುತ್ತದೆ. ಒತ್ತಾಗಿ ಹಚ್ಚೆ ಹಾಕಿಸಿಕೊಂಡಿದ್ದರೆ ಶಾಯಿ ಬೆಳಕನ್ನು ತಡೆಯಬಹುದು. ನಮ್ಮ ಅಜ್ಜಿಯ ಮುಂಗೈ ತುಂಬಾ ಹಚ್ಚೆ ಇತ್ತು, ಅವರು ಕಟ್ಟಿದ್ದರೆ ವಾಚಿಗೆ ಕಷ್ಟವಾಗುತ್ತಿತ್ತೇನೋ.

ಈಗ ನಿಮಗೆ ತಟ್ಟಿದ್ದು ತಿಳಿಯದ ವಿಷಯ. ನಡೆಯುವಾಗ, ಕೈ ಆಡಿಸುವಾಗ ಚರ್ಮದ ಗಮನ ಹೇಗೂ ಕಡಿಮೆಯಾಗುತ್ತದೆ. ಗಾಡಿ ಓಡಿಸುವಾಗಲಂತೂ ಹ್ಯಾಂಡಲ್ಲಿನ ನಡುಕದಲ್ಲಿ ಇದು ಕಳೆದುಹೋಗುತ್ತದೆ. ಕೂತಾಗಲೂ ತಿಳಿಯದಿದ್ದರೆ ಪಟ್ಟಿಯನ್ನು ಒಂದು ತೂತು ಬಿಗಿ ಮಾಡಿ. ಮಣಿಕಟ್ಟಿನ ಉಬ್ಬಿದ ಮೂಳೆಯ ಮೇಲಲ್ಲ, ಅದರಿಂದ ಸ್ವಲ್ಪ ಮೊಣಕೈ ಕಡೆಗೆ ಕಟ್ಟಿ. ವಾಚಿನ ಬೆನ್ನು ಚರ್ಮಕ್ಕೆ ಅಂಟಿ ಕೂರಬೇಕು, ಆದರೆ ಗುರುತು ಬೀಳುವಷ್ಟು ಬೇಡ. ಸೆಟ್ಟಿಂಗ್ಸ್‌ನಲ್ಲಿ ತಟ್ಟುವ ಜೋರನ್ನು ಹೆಚ್ಚಿಸುವ ದಾರಿಯೂ ಇರುತ್ತದೆ, ಮಗನನ್ನು ಕೇಳಿ.

ಇದು ಮೆಸೇಜಿಗಷ್ಟೇ ಅಂದುಕೊಳ್ಳಬೇಡಿ. 1969ರಲ್ಲಿ ಅಮೆರಿಕದ ಪಾಲ್ ಬಾಖ್-ಇ-ರೀಟಾ ಒಂದು ಕುರ್ಚಿಯ ಬೆನ್ನಿಗೆ 400 ಕಂಪಿಸುವ ಕಡ್ಡಿಗಳನ್ನು ಕೂರಿಸಿ, ಕ್ಯಾಮೆರಾ ಕಂಡದ್ದನ್ನು ಅಂಧರ ಬೆನ್ನ ಮೇಲೆ ಮೂಡಿಸಿದರು. ಅಭ್ಯಾಸವಾದ ಮೇಲೆ ಅವರು ಎದುರಿಗಿರುವ ವಸ್ತು ಯಾವುದೆಂದು ಹೇಳುತ್ತಿದ್ದರು. ನಮ್ಮಲ್ಲಿ ಹೈದರಾಬಾದಿನ ಕಂಪನಿಯೊಂದು 2014ರಲ್ಲಿ 'ಲೇಚಲ್' ಅನ್ನುವ ಶೂ ತಂದಿತು. ಬಲಕ್ಕೆ ತಿರುಗಬೇಕಾದರೆ ಬಲಗಾಲಿನದು ನಡುಗುತ್ತದೆ, ಎಡಕ್ಕಾದರೆ ಎಡಗಾಲಿನದು.

ನಮ್ಮ ಚಿಕ್ಕಪ್ಪನಿಗೆ ಕಣ್ಣು ಕಾಣುವುದಿಲ್ಲ. ಹೋದ ವರ್ಷ ಒಂದು ಮದುವೆಯಲ್ಲಿ ಪಕ್ಕದಲ್ಲಿ ಕೂತಿದ್ದೆ. ಶಲ್ಯದ ಒಳಗೆ ಕೈ ಹಾಕಿ ವಾಚಿನ ಗಾಜು ಮುಟ್ಟಿದರು. ಒಂದು ಉದ್ದ ತಟ್ಟು ಅಂದರೆ ಹತ್ತು ಗಂಟೆ, ಆಮೇಲೆ ಒಂದು ಗಿಡ್ಡ ತಟ್ಟು, ಹನ್ನೊಂದು. ಸ್ವಲ್ಪ ಬಿಟ್ಟು ನಾಲ್ಕು ಉದ್ದ, ನಲವತ್ತು ನಿಮಿಷ. ವಾದ್ಯದ ಗದ್ದಲದಲ್ಲಿ ನನ್ನ ಕಡೆ ಬಾಗಿ, "ಮುಹೂರ್ತಕ್ಕೆ ಇನ್ನೂ ಹತ್ತು ನಿಮಿಷ ಇದೆ ಕಣೋ, ಒಂದು ಲೋಟ ಕಾಫಿ ತಗೊಂಡು ಬಾ" ಅಂದರು. ಮೊದಲು ಅವರ ಹತ್ತಿರ ಮಾತಾಡುವ ವಾಚ್ ಇತ್ತು. ಗುಂಡಿ ಒತ್ತಿದರೆ ಸುತ್ತ ಕೂತವರಿಗೆಲ್ಲ ಟೈಮ್ ಕೇಳಿಸುತ್ತಿತ್ತು. ಅದನ್ನು ಮೊಮ್ಮಗನಿಗೆ ಆಡಲು ಕೊಟ್ಟುಬಿಟ್ಟಿದ್ದಾರೆ.