ಸಾಹೇಬ್ರು ಹೇಳಿದ ಮೇಲೂ ಕೇಳಬೇಕು

ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಒಂದು ಮಾತು ಬಂತು ಅಂದರೆ ಚರ್ಚೆ ಅಲ್ಲಿಗೆ ನಿಲ್ಲುತ್ತದೆ: ‘ಸಾಹೇಬ್ರು ಹೇಳ್ಯಾರ.’ ಸಾಹೇಬ್ರು ಡಾಕ್ಟರ್ ಇರಬಹುದು, ಎಂಜಿನಿಯರ್ ಇರಬಹುದು, ಹೆಡ್‌ಮಾಸ್ತರ್ ಇರಬಹುದು. ತಿರುಗಿ ‘ಯಾಕೆ?’ ಅಂದವನಿಗೆ ಸೊಕ್ಕು ಜಾಸ್ತಿ ಅಂತಾರೆ. ಈ ಸುಮ್ಮನಿರುವ ಅಭ್ಯಾಸದಿಂದ ಜೀವ ಹೋಗುತ್ತವೆ, ಮತ್ತು ವಿಜ್ಞಾನಿಗಳು ಇದನ್ನು ಅಳೆದು ನೋಡಿದ್ದಾರೆ.

1961ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಒಂದು ಪ್ರಯೋಗ ಶುರು ಮಾಡಿದರು. ಪಕ್ಕದ ಕೋಣೆಯಲ್ಲಿ ಕೂತವನು ತಪ್ಪು ಉತ್ತರ ಕೊಟ್ಟಾಗಲೆಲ್ಲ ಅವನಿಗೆ ಕರೆಂಟ್ ಶಾಕ್ ಕೊಡಬೇಕು, ಪ್ರತಿ ಸಲ ಸ್ವಲ್ಪ ಹೆಚ್ಚು. ನಿಜವಾಗಿ ಕರೆಂಟ್ ಇರಲಿಲ್ಲ, ಆದರೆ ಸ್ವಿಚ್ ಒತ್ತುವವರಿಗೆ ಅದನ್ನು ಹೇಳಿರಲಿಲ್ಲ. ಪ್ರಯೋಗ ನಡೆಸುವ, ಕೋಟು ಹಾಕಿಕೊಂಡ ಒಬ್ಬ ಸಾಹೇಬ್ರು ಅದೇ ಕೋಣೆಯಲ್ಲಿದ್ದು ‘ಮುಂದುವರಿಸಿ’ ಅನ್ನುತ್ತಿದ್ದರು. ಬೆವರುತ್ತಾ, ನಡುಗುತ್ತಾ, ಬೇಡ ಅನ್ನುತ್ತಲೇ 40 ಜನರಲ್ಲಿ 26 ಜನ ಕೊನೆಯ 450 ವೋಲ್ಟ್‌ವರೆಗೂ ಹೋದರು. ಇವರು ಕೆಟ್ಟವರಲ್ಲ, ಊರಲ್ಲಿ ದಿನಾ ಕಾಣುವಂಥ ಜನ. ಆ ಪ್ರಯೋಗದ ರೀತಿ ಸರಿಯಿತ್ತೇ, ಎಲ್ಲರೂ ಶಾಕ್ ನಿಜ ಅಂತ ನಂಬಿದ್ದರೇ ಎಂಬ ವಾದ ಇವತ್ತಿಗೂ ನಡೆದಿದೆ, ನಡೆಯಲೂ ಬೇಕು.

ಹೆಚ್ಚಿನವರು ಕಥೆಯನ್ನು ಇಲ್ಲಿಗೇ ಮುಗಿಸುತ್ತಾರೆ. ನನಗೆ ಮುಖ್ಯ ಅನಿಸುವುದು ಆಮೇಲಿನ ಭಾಗ. ಮಿಲ್‌ಗ್ರಾಮ್ ಅದೇ ಪ್ರಯೋಗವನ್ನು ಬೇರೆ ಬೇರೆ ರೀತಿ ಮಾಡಿ ನೋಡಿದರು. ಒಂದರಲ್ಲಿ ಜೊತೆಗೆ ಕೂತ ಇಬ್ಬರು ಮಧ್ಯದಲ್ಲೇ ‘ನಾವು ಮಾಡಲ್ಲ’ ಅಂತ ಎದ್ದುಬಿಡುತ್ತಾರೆ. ಆಗ ಕೊನೆಯವರೆಗೂ ಹೋದವರು 40ರಲ್ಲಿ ಬರೀ 4 ಜನ! ಅಂದರೆ ಧೈರ್ಯ ಹುಟ್ಟಿನಿಂದಲೇ ಬರಬೇಕು ಅಂತೇನಿಲ್ಲ, ಪಕ್ಕದವರು ಬಾಯಿ ಬಿಟ್ಟರೆ ನಮಗೂ ಬರುತ್ತದೆ.

ಬಾಯಿ ಬಿಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನಿಜವಾದ ಒಂದು ಘಟನೆ ಇದೆ. 1977ರ ಮಾರ್ಚ್ 27ರಂದು ಸ್ಪೇನ್‌ಗೆ ಸೇರಿದ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ದಟ್ಟ ಮಂಜು ಕವಿದಿತ್ತು. ಕೆಎಲ್‌ಎಂ ವಿಮಾನದ ಕ್ಯಾಪ್ಟನ್ ಆ ಕಂಪನಿಯ ಅತಿ ಹಿರಿಯ ಪೈಲಟ್‌ಗಳಲ್ಲಿ ಒಬ್ಬರು, ಬೇರೆ ಪೈಲಟ್‌ಗಳಿಗೆ ತರಬೇತಿ ಕೊಡುವವರು. ಹೊರಡಲು ಇನ್ನೂ ಅನುಮತಿ ಸಿಕ್ಕಿರಲಿಲ್ಲ, ಆದರೂ ವಿಮಾನ ಓಡಿಸಿದರು. ಎದುರಿಗೆ ಅದೇ ರನ್‌ವೇ ಮೇಲೆ ಪ್ಯಾನ್ ಆಮ್ ವಿಮಾನ ಇತ್ತು. ಕೆಎಲ್‌ಎಂ ವಿಮಾನದಲ್ಲೇ ಕ್ಯಾಪ್ಟನ್ ಹಿಂದೆ ಕೂತಿದ್ದ ಫ್ಲೈಟ್ ಎಂಜಿನಿಯರ್‌ಗೆ ರೇಡಿಯೊ ಮಾತು ಕೇಳಿ ಅನುಮಾನ ಬಂತು. ಆ ವಿಮಾನ ಇನ್ನೂ ದಾರಿ ಬಿಟ್ಟಿಲ್ಲವಾ ಅಂತ ಕೇಳಿದರು. ಬಿಟ್ಟಿದೆ ಅಂತ ಕ್ಯಾಪ್ಟನ್ ಗಟ್ಟಿಯಾಗಿ ಹೇಳಿಬಿಟ್ಟರು. ಎಂಜಿನಿಯರ್ ಮತ್ತೆ ಕೇಳಲಿಲ್ಲ. ಕೆಲವೇ ಸೆಕೆಂಡುಗಳಲ್ಲಿ ಡಿಕ್ಕಿ, 583 ಜನರ ಸಾವು.

ಸರಿಯಾದ ಪ್ರಶ್ನೆ ಅಲ್ಲಿ ಬಂದಿತ್ತು ಅಲ್ವಾ? ಅದನ್ನು ಎರಡನೇ ಸಲ ಕೇಳುವ ದಾರಿ ಮಾತ್ರ ಇರಲಿಲ್ಲ. ಇಂಥ ಅಪಘಾತಗಳ ನಂತರ ವಿಮಾನ ಕಂಪನಿಗಳು ತರಬೇತಿಯನ್ನೇ ಬದಲಿಸಿದವು. ಕಿರಿಯರು ಅನುಮಾನ ಬಂದರೆ ಹೇಳಲೇಬೇಕು, ಹಿರಿಯರು ಕೇಳಿಸಿಕೊಳ್ಳಲೇಬೇಕು, ಇದೂ ಕೆಲಸದ ಭಾಗ ಅಂತ ಆಯಿತು. ಆಸ್ಪತ್ರೆಗಳಿಗೂ ಈ ಪಾಠ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಆಪರೇಷನ್ ಚೆಕ್‌ಲಿಸ್ಟ್ ಪ್ರಕಾರ, ಕೊಯ್ಯುವ ಮೊದಲು ಕೋಣೆಯಲ್ಲಿರುವ ನರ್ಸ್‌ನಿಂದ ಸರ್ಜನ್‌ವರೆಗೆ ಎಲ್ಲರೂ ತಮ್ಮ ಹೆಸರು, ಕೆಲಸ ಹೇಳಬೇಕು; ಒಮ್ಮೆ ಬಾಯಿ ಬಿಟ್ಟವರಿಗೆ ಆಮೇಲೆ ಅನುಮಾನ ಹೇಳುವುದೂ ಸಲೀಸು. ದೆಹಲಿಯದೂ ಸೇರಿ 8 ಆಸ್ಪತ್ರೆಗಳಲ್ಲಿ ಈ ಪಟ್ಟಿಯನ್ನು ಪರೀಕ್ಷಿಸಿದಾಗ ಸಾವಿನ ಪ್ರಮಾಣ ಶೇಕಡಾ 1.5ರಿಂದ 0.8ಕ್ಕೆ ಇಳಿಯಿತು.

ಈಗ ನಮ್ಮ ನೀರಿನ ವಿಷಯಕ್ಕೆ ಬರೋಣ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ನೆಲದಡಿಯ ಕಲ್ಲಿನಿಂದ ಅದು ನೀರಿಗೆ ಇಳಿಯುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಕುದಿಸಿದರೂ ಹೋಗಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ದಾಟಿದ ನೀರನ್ನೇ ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ, ಇನ್ನೂ ಜಾಸ್ತಿಯಾದರೆ ಮೂಳೆ, ಕೀಲು ಹಾಳಾಗುತ್ತವೆ. ಹಾಗಾಗಿ ‘ನೀರು ಚೆನ್ನಾಗಿದೆ’ ಅಂತ ಯಾರೇ ಹೇಳಲಿ, ಅದು ಉತ್ತರವೇ ಅಲ್ಲ. ಎಷ್ಟಿದೆ? ಯಾವ ತಾರೀಖಿನ ರಿಪೋರ್ಟು? ಶುದ್ಧ ನೀರಿನ ಘಟಕದ ಫಿಲ್ಟರ್ ಬದಲಿಸಿದ್ದು ಯಾವಾಗ, ಬದಲಿಸಿದ ಮೇಲೆ ನೀರು ಪರೀಕ್ಷೆ ಮಾಡಿದವರು ಯಾರು? ಇದು ಅಧಿಕಾರಿಗೆ ಅವಮಾನ ಮಾಡುವ ಪ್ರಶ್ನೆ ಅಲ್ಲ. ಕೆಲಸ ಮಾಡಿದವರ ಹತ್ತಿರ ಇದಕ್ಕೆ ಉತ್ತರ ಇರುತ್ತದೆ. ಜಲಜೀವನ್ ಯೋಜನೆಯಲ್ಲಿ ಪ್ರತಿ ಊರಿನ ಐದು ಹೆಣ್ಣುಮಕ್ಕಳಿಗೆ ಕಿಟ್ ಕೊಟ್ಟು ನೀರು ಪರೀಕ್ಷೆ ಕಲಿಸಬೇಕು ಅಂತ ಇದೆ, ನಿಮ್ಮೂರಲ್ಲಿ ಆ ಐವರು ಯಾರು ಅಂತಲೂ ಕೇಳಿ.

ಗ್ರಾಮಸಭೆಗೆ ಒಬ್ಬರೇ ಹೋಗಿ ಎದ್ದು ನಿಲ್ಲುವುದು ಕಷ್ಟ. ಇಬ್ಬರು ಮೂವರು ಮೊದಲೇ ಮಾತಾಡಿಕೊಂಡು ಹೋಗಿ. ಒಬ್ಬರು ಕೇಳಿ ಮುಗಿಸಿದ ಕೂಡಲೇ ಇನ್ನೊಬ್ಬರು ‘ಹೌದ್ರೀ ಸರ್, ನಮಗೂ ಅದು ಗೊತ್ತಾಗಬೇಕು’ ಅನ್ನಿ. ‘ನೋಡೋಣ’ ಅಂದರೆ ಯಾವತ್ತು ಅಂತ ಕೇಳಿ, ಆ ತಾರೀಖನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.